140 ರೂಪಾಯಿಯ ವಾರದ ಪ್ಲಾನರ್: 17 ವಾರ ಬಳಸಿದ ಮೇಲೆ

ಅವೆನ್ಯೂ ರೋಡಿನಲ್ಲಿ 140 ರೂಪಾಯಿ ಕೊಟ್ಟು ತಂದ ಪ್ಲಾನರಿಗೂ ರಿವ್ಯೂ ಬರೀತೀಯಾ ಎಂದು ತಂಗಿ ನಕ್ಕಳು. ಬರೆಯುತ್ತೇನೆ. ಇದನ್ನು ಕೊಳ್ಳುವ ಮೊದಲು ಎರಡು ವಾರ, ರಾತ್ರಿ ಹನ್ನೊಂದರ ಮೇಲೆ ಕೂತು ಫೋನಿನಲ್ಲಿ ಪ್ಲಾನರ್ ರಿವ್ಯೂಗಳನ್ನೇ ಓದಿದ್ದೆ, ಒಂದರಲ್ಲೂ ನಮ್ಮಂಥ ಮನೆಗೆ ಬೇಕಾದ ಮಾತು ಸಿಗಲಿಲ್ಲ. ಕಾಗದ ಎಷ್ಟು ನುಣುಪು, ರಿಬ್ಬನ್ ಯಾವ ಬಣ್ಣ, ಸ್ಟಿಕ್ಕರ್ ಎಷ್ಟು ಹಾಳೆ ಕೊಟ್ಟಿದ್ದಾರೆ, ಬರೀ ಇದೇ. ಮನೆಯಲ್ಲಿ ಒಬ್ಬರಿಗೆ ಹುಷಾರಿಲ್ಲ, ಆಫೀಸಿನಲ್ಲಿ ಮಾರ್ಚ್ ಬಂದಿದೆ, ಮಗಳಿಗೆ ಎಸ್ಸೆಸ್ಸೆಲ್ಸಿ, ಇಂಥ ಹೊತ್ತಿನಲ್ಲಿ ಆ ಚಂದದ ಪುಸ್ತಕದ ಗತಿ ಏನು ಅಂತ ಯಾರೂ ಬರೆದಿರಲಿಲ್ಲ.

ನಮ್ಮ ಮನೆಯ ಸಂಗತಿ ಇಷ್ಟು. ಅಪ್ಪನಿಗೆ ಡಯಾಲಿಸಿಸ್, ಅಂದರೆ ಕಿಡ್ನಿ ಹೊರಹಾಕದ ನೀರು, ಕಶ್ಮಲವನ್ನು ಮೆಷಿನ್ನಿನಿಂದ ತೆಗೆಯುವುದು, ಶುರುವಾಗಿದೆ. ಮಂಗಳವಾರ, ಗುರುವಾರ, ಶನಿವಾರ. ಸಲಕ್ಕೆ 4 ಗಂಟೆ, ಹೋಗಿಬರುವುದು, ಕಾಯುವುದು ಎಲ್ಲ ಸೇರಿದರೆ ಅರ್ಧ ದಿನ ಹೋಯಿತು. ನಾನು ಅಕೌಂಟ್ಸ್ ಕೆಲಸದವಳು, ನಮ್ಮ ತಿಂಗಳಿಗೆ ಅದರದ್ದೇ ಹಬ್ಬದ ಪಟ್ಟಿ ಇರುತ್ತದೆ, ಸರ್ಕಾರಕ್ಕೆ ಕಟ್ಟುವ, ಸಲ್ಲಿಸುವ ಕೊನೆ ದಿನಗಳು: 7ಕ್ಕೆ ಟಿಡಿಎಸ್, 11ಕ್ಕೆ ಜಿಎಸ್‌ಟಿಆರ್-1, 15ಕ್ಕೆ ಪಿಎಫ್, ಇಎಸ್‌ಐ, 20ಕ್ಕೆ 3ಬಿ. ಮಾರ್ಚಿನಲ್ಲಿ ಇದರ ಮೇಲೆ 15ಕ್ಕೆ ಅಡ್ವಾನ್ಸ್ ಟ್ಯಾಕ್ಸ್, 31ಕ್ಕೆ ವರ್ಷದ ಲೆಕ್ಕ. ಅಪ್ಪ ಅಮ್ಮ ನಮ್ಮ ಜೊತೆ ರಾಜಾಜಿನಗರದಲ್ಲೇ ಇದ್ದಾರೆ, ತಮ್ಮ ನಾಗರಭಾವಿಯಿಂದ ಬಂದು ಒಂದು ದಿನ ಕರೆದುಕೊಂಡು ಹೋಗುತ್ತಾನೆ, ಒಂದು ದಿನ ನಮ್ಮ ಮನೆಯವರು, ಒಂದು ದಿನ ನಾನು. ಯಾವ ದಿನ ಯಾರು ಅನ್ನುವುದು ಮಾತ್ರ ಪ್ರತಿ ವಾರ ಬದಲಾಗುತ್ತದೆ.

ಫೆಬ್ರವರಿಯ ಒಂದು ಗುರುವಾರ ಬೆಳಗಿನ ಸ್ಲಾಟ್ ಮಧ್ಯಾಹ್ನಕ್ಕೆ ಹೋಗಿತ್ತು. ಡಯಾಲಿಸಿಸ್ ಮಾಡುವವರು ಹಿಂದಿನ ರಾತ್ರಿಯೇ ತಮ್ಮನಿಗೆ ಫೋನ್ ಮಾಡಿ ಹೇಳಿದ್ದರು, ಅವನು ಮನೆಯ ವಾಟ್ಸಾಪ್ ಗ್ರೂಪಿಗೆ ಹಾಕಿ ಮಲಗಿದ್ದ, ಅದರ ಮೇಲೆ ಯಾರದೋ ಗೃಹಪ್ರವೇಶದ ಫೋಟೋಗಳು ಬಂದು ಕೂತಿದ್ದವು. ಅಪ್ಪ ಐದೂವರೆಗೆ ಎದ್ದು, ಸ್ವೆಟರ್ ಹಾಕಿ, ಚೀಲ ಹಿಡಿದು ಸೋಫಾ ಮೇಲೆ ತಯಾರಾಗಿದ್ದರು. ನಾವು ಹೋಗಿ, ಕೂತು, ವಾಪಸ್ ಬಂದು, ಮತ್ತೆ ಹೋದೆವು. ಅಪ್ಪ ಒಂದು ಮಾತೂ ಆಡಲಿಲ್ಲ, ಅದೇ ಜಾಸ್ತಿ ಚುಚ್ಚಿತು. ಫೋನ್ ಜೇಬಿನಲ್ಲಿರುವ ವಸ್ತು, ಒಬ್ಬರ ಜೇಬಿನಲ್ಲಿದ್ದರೆ ಇನ್ನೊಬ್ಬರಿಗೆ ಕಾಣುವುದಿಲ್ಲ, ನಮಗೆ ಬೇಕಾದದ್ದು ಊಟದ ಮೇಜಿನ ಮೇಲೆ ಬಾಯಿ ತೆರೆದುಕೊಂಡು ಬಿದ್ದಿರುವ ಒಂದು ಪುಸ್ತಕ ಅಂತ ಅವತ್ತು ಗೊತ್ತಾಯಿತು.

ಮನೆಯಲ್ಲಿ ಪುಸ್ತಕಗಳಿರಲಿಲ್ಲ ಅಂತಲ್ಲ. ಹುಟ್ಟುಹಬ್ಬಕ್ಕೆ ಗೆಳತಿ ಕೊಟ್ಟ ಒಂದು ಪ್ಲಾನರ್ ಇತ್ತು, ಹೆಸರು ಬೇಡ, 1,100 ರೂಪಾಯಿಯದ್ದು, ರಟ್ಟಿನ ಮೇಲೆ ಬಂಗಾರದ ಅಕ್ಷರ. ದಿನಕ್ಕೆ ಒಂದು ಪುಟ. ಪ್ರತಿ ಪುಟದಲ್ಲೂ ಇವತ್ತಿನ ಮೂರು ಗುರಿ, ಇವತ್ತು ಯಾವುದಕ್ಕೆ ಕೃತಜ್ಞತೆ, ಇವತ್ತಿನ ಮನಸ್ಸು ಹೇಗಿದೆ ಅಂತ ಐದು ಮುಖಗಳು, ಕೆಳಗೆ ಎಂಟು ಪುಟ್ಟ ನೀರಿನ ಲೋಟಗಳ ಚಿತ್ರ, ಕುಡಿದಂತೆಲ್ಲ ಬಣ್ಣ ತುಂಬಬೇಕು. ಅಪ್ಪನಿಗೆ ದಿನಕ್ಕೆ ಇಷ್ಟೇ ನೀರು ಅಂತ ಡಾಕ್ಟರ್ ಅಳತೆ ಕಟ್ಟಿದ್ದಾರೆ, ಕಾಫಿ, ಸಾರು, ಮಜ್ಜಿಗೆ ಎಲ್ಲ ಅದರಲ್ಲೇ ಬರಬೇಕು. ಅವರು ಆ ಎಂಟು ಲೋಟ ನೋಡಿ, "ಇದನ್ನ ಬರೆದೋನು ನನ್ನ ಕೊಲ್ಲೋಕೆ ಹೊರಟಿದಾನೆ ಕಣಮ್ಮ" ಎಂದರು. ಮನೆಯಲ್ಲಿ ಎಲ್ಲರೂ ತುಂಬಾ ದಿನದ ಮೇಲೆ ನಕ್ಕಿದ್ದು ಅವತ್ತೇ, ಆ ಮಟ್ಟಿಗೆ 1,100 ರೂಪಾಯಿ ವಸೂಲಾಯಿತು ಅನ್ನಿ.

ಅದರ ಮುಖ್ಯ ತೊಂದರೆ ಲೋಟವಲ್ಲ, ಪುಟ. ಕಷ್ಟದ ದಿನಗಳಲ್ಲಿ ನಾಳೆ ಏನು ಅನ್ನುವುದಕ್ಕಿಂತ ಶನಿವಾರ ಯಾರು ಅನ್ನುವ ಪ್ರಶ್ನೆಯೇ ದೊಡ್ಡದು. ದಿನಕ್ಕೊಂದು ಪುಟ ಇದ್ದರೆ ಶನಿವಾರ ನೋಡಲು ನಾಲ್ಕು ಪುಟ ತಿರುವಬೇಕು. ಅಷ್ಟೇ ಅಲ್ಲ, ಬರೆಯದೆ ಬಿಟ್ಟ ಪುಟಗಳೆಲ್ಲ ಹಾಗೇ ಖಾಲಿ ಕೂತಿರುತ್ತವೆ. ಜನವರಿಯಲ್ಲಿ ಬ್ಯಾಂಕಿನವರು, ಚೀಟಿ ಕಂಪನಿಯವರು ಕೊಡುವ ಪುಕ್ಕಟೆ ಡೈರಿಗಳದ್ದೂ ಇದೇ ಕಥೆ, ನಮ್ಮ ಮನೆಯಲ್ಲಿ ಅವು ಅಮ್ಮನ ಚೀಟಿ ಲೆಕ್ಕಕ್ಕೆ ಮತ್ತು ಮಗಳ ರಫ್ ಬುಕ್ಕಿಗೆ ಹೋಗುತ್ತವೆ. ಇನ್ನು ಗೋಡೆಯ ಪಂಚಾಂಗದ ಕ್ಯಾಲೆಂಡರ್. ಅದು ಅಮ್ಮನ ರಾಜ್ಯ. ಹಾಲು ಬರದ ದಿನಕ್ಕೆ ಸುತ್ತು, ಸಿಲಿಂಡರ್ ಹಾಕಿದ ದಿನಕ್ಕೆ ಅಡ್ಡಗೆರೆ, ಏಕಾದಶಿ, ಸಂಕಷ್ಟಿ, ರಾಹುಕಾಲ ಎಲ್ಲ ಆದ ಮೇಲೆ ಒಂದು ತಾರೀಖಿನಲ್ಲಿ ಉಳಿಯುವ ಜಾಗ ಒಂದು ಕಡಲೆಕಾಳಿನಷ್ಟು. ಅದರಲ್ಲಿ ಡಯಾಲಿಸಿಸ್ ಹೇಗೆ ಬರೆಯುವುದು?

ಹಾಗಾಗಿ ಒಂದು ಮಧ್ಯಾಹ್ನ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದೆ. ಅವೆನ್ಯೂ ರೋಡು ಗೊತ್ತಲ್ಲ, ಶಾಲೆ ಪುಸ್ತಕ, ಲೆಡ್ಜರ್, ಮದುವೆ ಕಾರ್ಡು, ಫೈಲು, ಎಲ್ಲ ಸಗಟಿಗೆ ಸಿಗುವ ಜಾಗ, ಬಿಡಿಯಾಗಿ ಒಂದು ಕೇಳಿದರೆ ಕೆಲವು ಅಂಗಡಿಯವರು ಮುಖ ತಿರುಗಿಸುತ್ತಾರೆ. ಫೆಬ್ರವರಿ ಮಧ್ಯದಲ್ಲಿ ಹೋದರೆ ಒಂದು ಲಾಭ, ತಾರೀಖು ಅಚ್ಚಾದ ಡೈರಿಗಳಿಗೆ ಬೆಲೆ ಇಳಿದಿರುತ್ತದೆ. ಆದರೆ ಅದು ಲಾಭವೇ ಅಲ್ಲ ಅಂತ ನಿಂತು ಯೋಚಿಸಿದಾಗ ಹೊಳೆಯಿತು, ಆಗಲೇ ಆರು ವಾರ ಕಳೆದುಹೋದ ಪುಸ್ತಕವನ್ನು ತಂದು, ಮೊದಲ ಪುಟ ತೆರೆದರೆ ಖಾಲಿ ಜನವರಿ. ಆಮೇಲೆ ಯಾವ ವಾರ ತಪ್ಪಿದರೂ ಆ ತಾರೀಖು ಅಲ್ಲೇ ಕೂತು ನಮ್ಮನ್ನೇ ನೋಡುತ್ತಿರುತ್ತದೆ.

ತಾರೀಖು ಇಲ್ಲದ್ದು ಕೊಡಿ ಅಂದೆ. ಅಂಗಡಿಯವರು ಮೂರು ಥರ ತೆಗೆದಿಟ್ಟರು. ಒಂದು, ವಾರದ ಪ್ಯಾಡ್. ಎ4 ಹಾಳೆ, ವಾರ ಮುಗಿದ ಮೇಲೆ ಹರಿದು ಹಾಕುವುದು. ಮೇಜಿನ ಮೇಲೆ ನೋಡಲು ಇದೇ ಚಂದ, ಬರೀ ಆಫೀಸ್ ಕೆಲಸ ಇದ್ದವರು ಇದನ್ನೇ ತೆಗೆದುಕೊಳ್ಳಿ. ನನಗೆ ಬೇಡವಾದದ್ದು ಹರಿಯುವ ಕಾರಣಕ್ಕೆ. ಡಾಕ್ಟರ್ ಪ್ರತಿ ತಿಂಗಳೂ ಹಿಂದಿನ ವಾರಗಳ ತೂಕ ಕೇಳುತ್ತಾರೆ, ಹರಿದ ಹಾಳೆ ಆಗ ಎಲ್ಲಿರುತ್ತದೆ? ಎರಡನೆಯದು, ಎಡಪುಟದಲ್ಲಿ ಇಡೀ ವಾರ, ಬಲಪುಟ ಪೂರ್ತಿ ಗೆರೆ. ಇಟಲಿಯ ಮೋಲ್‌ಸ್ಕಿನ್, ಜಪಾನಿನ ಹೊಬೊನಿಚಿ ಇವುಗಳಲ್ಲೂ ಇಂಥದ್ದೊಂದು ಮಾದರಿ ಇದೆ, ತಮ್ಮನ ಹತ್ತಿರ ನೋಡಿದ್ದೆ. ಟಿಪ್ಪಣಿ ಬರೆಯುವವರಿಗೆ ಚೆನ್ನಾಗಿದೆ, ಆದರೆ ದಿನದ ಚೌಕ ಬಹಳ ಚಿಕ್ಕದು, ಅಪ್ಪನ ಕನ್ನಡಕಕ್ಕೆ ಆಗುವುದಿಲ್ಲ. ಮೂರನೆಯದು ಇದು, ನಾನು ತಂದದ್ದು. ಎರಡು ಪುಟಕ್ಕೆ ಒಂದು ವಾರ, ಪುಟಕ್ಕೆ ಮೂರು ಚೌಕ. ಇನ್ನೊಂದು ನಮೂನೆಯೂ ಇತ್ತು, ಬೆಳಿಗ್ಗೆ ಏಳರಿಂದ ರಾತ್ರಿ ಒಂಬತ್ತರವರೆಗೆ ಗಂಟೆ ಗಂಟೆಗೆ ಗೆರೆ ಎಳೆದದ್ದು, ಮುಟ್ಟಲೂ ಇಲ್ಲ. ನಮ್ಮ ಮನೆಯ ಗಂಟೆಗಳು ಗೆರೆಯೊಳಗೆ ಕೂರುವ ಪೈಕಿ ಅಲ್ಲ.

ಪುಸ್ತಕ ಹೀಗಿದೆ. ಅಳತೆ ಎ5, ಅಂದರೆ ಎ4 ಹಾಳೆಯನ್ನು ಮಧ್ಯಕ್ಕೆ ಮಡಚಿದಷ್ಟು, 148 ಮಿಮೀ ಅಗಲ, 210 ಮಿಮೀ ಎತ್ತರ. ಬಿಡಿಸಿಟ್ಟರೆ ಒಂದು ಎ4 ಅಡ್ಡ ಮಲಗಿದ ಹಾಗೆ. 52 ವಾರಕ್ಕೆ 104 ಪುಟ, ಕೊನೆಯಲ್ಲಿ ನಾಲ್ಕು ಖಾಲಿ ಹಾಳೆ. ಬೂದು ಬಣ್ಣದ ರಟ್ಟು, ಮೇಲೆ ತೆಳು ಪ್ಲಾಸ್ಟಿಕ್, ವೈರೋ (ತಂತಿ ಸುರುಳಿಯ) ಬೈಂಡಿಂಗ್. ಕಂಪನಿಯ ಹೆಸರು ಎಲ್ಲೂ ಇಲ್ಲ. ಒಳಗೆ ಗುರಿ ಇಲ್ಲ, ಕೃತಜ್ಞತೆ ಇಲ್ಲ, ಲೋಟ ಇಲ್ಲ, ದಿನದ ಹೆಸರು ಮತ್ತು ಗೆರೆ, ಅಷ್ಟೇ. ನನಗೆ ಬೇಕಾಗಿದ್ದೂ ಅಷ್ಟೇ. ತುಂಬಿಸಲೇಬೇಕಾದ ಜಾಗ ಕಡಿಮೆ ಇದ್ದಷ್ಟೂ ಒಳ್ಳೆಯದು, ದಣಿದು ಬಂದ ರಾತ್ರಿ ಪುಸ್ತಕಕ್ಕೂ ಹೋಮ್‌ವರ್ಕ್ ಮಾಡಿಕೊಡಲು ಆಗುವುದಿಲ್ಲ.

ಈಗ ದೋಷ, ಅದೂ ದೊಡ್ಡದೇ. ಇದನ್ನು ಮಾಡಿದವರಿಗೆ ಭಾನುವಾರ ಅಂದರೆ ರಜೆ. ಎಡಪುಟದಲ್ಲಿ ಸೋಮ, ಮಂಗಳ, ಬುಧ, ಬಲಪುಟದಲ್ಲಿ ಗುರು, ಶುಕ್ರ, ಕೆಳಗಿನ ಮೂರನೇ ಚೌಕವನ್ನು ಎರಡು ಸೀಳು ಮಾಡಿ ಅರ್ಧ ಶನಿವಾರಕ್ಕೆ, ಅರ್ಧ ಭಾನುವಾರಕ್ಕೆ. ಬರೀ ಇದೊಂದೇ ಅಲ್ಲ, ಅಂಗಡಿಯಲ್ಲಿ ನೋಡಿದ ಮುಕ್ಕಾಲು ಪಾಲು ವಾರದ ಪ್ಲಾನರುಗಳೂ ಹೀಗೆಯೇ. ನಮ್ಮಲ್ಲಿ ಹಾಗಲ್ಲ. ಶನಿವಾರ ಡಯಾಲಿಸಿಸ್ ಆದರೆ ಮುಂದಿನದ್ದು ಮಂಗಳವಾರ, ನಡುವೆ ಭಾನುವಾರ, ಸೋಮವಾರ ಎರಡು ದಿನ ಅಂತರ. ಉಳಿದ ಕಡೆ ಒಂದೇ ದಿನದ ಅಂತರ. ವಾರದಲ್ಲಿ ನೀರಿನ ಲೆಕ್ಕ, ಉಪ್ಪಿನ ಲೆಕ್ಕ ಬಿಗಿ ಹಿಡಿಯಬೇಕಾದದ್ದು ಈ ಎರಡೇ ದಿನ. ಅದರಲ್ಲಿ ಭಾನುವಾರ ಬಲಪುಟದ ಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟು ಜಾಗದಲ್ಲಿ, ಸೋಮವಾರ ಹಾಳೆ ತಿರುವಿದ ಮೇಲೆ. ಸೋಮವಾರದಿಂದ ವಾರ ಶುರು ಮಾಡುವುದೇ ಐಎಸ್‌ಒ 8601 ಅನ್ನುವ ಅಂತಾರಾಷ್ಟ್ರೀಯ ಪದ್ಧತಿ, ಇರಲಿ, ಜರ್ಮನಿಯ ಫ್ಯಾಕ್ಟರಿಗೆ ಅದು ಸರಿ. ನಮ್ಮ ಮನೆಗೆ ತಪ್ಪು.

ಮೊದಲ ಎರಡು ವಾರ ಹಾಗೇ ಒದ್ದಾಡಿದೆ. ಮೂರನೇ ವಾರ ಅಪ್ಪನೇ ದಾರಿ ತೋರಿಸಿದರು. ಅವರು ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರಾಗಿ ನಿವೃತ್ತರಾದವರು. "ತಾರೀಖೇ ಇಲ್ಲ ಅಂದ ಮೇಲೆ ವಾರ ಎಲ್ಲಿಂದ ಶುರು ಮಾಡಿದ್ರೆ ಏನು?" ಎಂದರು. ಅಂಗಡಿಗಳಲ್ಲಿ ಬೆಲೆ ಅಂಟಿಸುವ ಬಿಳಿ ಲೇಬಲ್ ಸ್ಟಿಕ್ಕರ್ ಸಿಗುತ್ತವಲ್ಲ, ಒಂದು ಹಾಳೆ ತಂದು ಅಚ್ಚಾದ ಹೆಸರುಗಳ ಮೇಲೆ ಅಂಟಿಸಿ ಹೊಸದಾಗಿ ಬರೆದೆವು. ಈಗ ಎಡಪುಟದಲ್ಲಿ ಭಾನುವಾರ, ಸೋಮವಾರ, ಮಂಗಳವಾರ. ಎರಡು ದಿನದ ಅಂತರ, ಅದರ ಕೊನೆಯ ಡಯಾಲಿಸಿಸ್, ಮೂರೂ ಒಂದರ ಕೆಳಗೆ ಒಂದು, ದೊಡ್ಡ ಚೌಕಗಳಲ್ಲಿ. ಸೀಳಿದ ಚೌಕ ಶುಕ್ರವಾರ ಮತ್ತು ಶನಿವಾರದ ಪಾಲಿಗೆ ಬಂತು. ಶನಿವಾರಕ್ಕೆ ಎರಡು ತೂಕ ಮತ್ತು ಒಂದು ಹೆಸರು ಬರೆದರೆ ಮುಗಿಯಿತು, ಅರ್ಧ ಚೌಕ ಧಾರಾಳ ಸಾಕು. ತಾರೀಖು ಅಚ್ಚಾದ ಪುಸ್ತಕದಲ್ಲಿ ಈ ಆಟ ನಡೆಯುತ್ತಿರಲಿಲ್ಲ. ಅಮ್ಮನಿಗೂ ಸಮಾಧಾನ, ಗೋಡೆ ಕ್ಯಾಲೆಂಡರಿನ ಹಾಗೇ ಭಾನುವಾರ ಮೊದಲು ಬಂತಲ್ಲ.

ಇಷ್ಟೆಲ್ಲ ಹೇಳುವುದು ಯಾಕೆಂದರೆ, ಪ್ಲಾನರ್ ಕೊಳ್ಳುವ ಮೊದಲು ನಿಮ್ಮ ಮನೆಯ ವಾರ ಎಲ್ಲಿ ಬಿಗಿಯಾಗುತ್ತದೆ ಅಂತ ನೋಡಿಕೊಳ್ಳಿ. ಮಗುವಿನ ಥೆರಪಿ ಬುಧವಾರವೋ, ರಾತ್ರಿ ಪಾಳಿ ಯಾವ ದಿನದಿಂದ ಯಾವ ದಿನಕ್ಕೋ, ಸಂತೆ ಯಾವತ್ತೋ. ಆ ದಿನಗಳು ಒಂದೇ ಪುಟದಲ್ಲಿ, ಒಟ್ಟಿಗೆ, ಸಾಕಷ್ಟು ಜಾಗದಲ್ಲಿ ಬರುತ್ತವಾ? ಬರದಿದ್ದರೆ ಬರಿಸಲು ಆಗುತ್ತದಾ? ನಾನು ಅಂಗಡಿಯಲ್ಲಿ ಕೇಳಬೇಕಿದ್ದ ಪ್ರಶ್ನೆ ಇದು, ಕೇಳದೆ ಕಾಗದ ಸವರುತ್ತಾ ನಿಂತಿದ್ದೆ.

ಕಾಗದ ಅಂದಾಗ, ಅದನ್ನೂ ಹೇಳಿಬಿಡುತ್ತೇನೆ. 70 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಅನ್ನುವ ಕಾಗದದ ತೂಕ) ಅಂತ ಅಂಗಡಿಯವರು ಹೇಳಿದರು, ಮುಟ್ಟಿದರೆ ಹಾಗೇ ಇದೆ. ಬಾಲ್ ಪೆನ್ನಿಗೆ ತೊಂದರೆ ಇಲ್ಲ, ರೆನಾಲ್ಡ್ಸ್‌ನಲ್ಲಿ ಎಷ್ಟು ಒತ್ತಿ ಬರೆದರೂ ಆಚೆ ಗುಳಿ ಬೀಳುತ್ತದೆ ವಿನಾ ಇಂಕು ಮೂಡುವುದಿಲ್ಲ. ಜೆಲ್ ಪೆನ್ ಆಚೆ ಕಾಣುತ್ತದೆ. ಮಗಳ ಹೈಲೈಟರ್ ಅಂತೂ ನೇರ ಮುಂದಿನ ವಾರಕ್ಕೆ ಇಳಿಯಿತು. ಇಂಕ್ ಪೆನ್ ಪ್ರಿಯರು 100 ಜಿಎಸ್‌ಎಂ ಹುಡುಕಿ, ನಾವು ಪೆನ್ನಿಗೆ ಒಂದು ದಾರ ಕಟ್ಟಿ ವೈರಿಗೆ ಸಿಕ್ಕಿಸಿದ್ದೇವೆ, ಪೆನ್ ಎಲ್ಲಿ ಅಂತ ಹುಡುಕುವ ಕೆಲಸ ತಪ್ಪಿತು. ವೈರೋದಿಂದ ಅನುಕೂಲ ಅಂದರೆ ಪುಸ್ತಕ ಮೇಜಿನ ಮೇಲೆ ಚಪ್ಪಟೆ ಬೀಳುತ್ತದೆ, ಹೊಲಿಗೆ ಬೈಂಡಿಂಗಿನದ್ದು ಮೊದಲ ತಿಂಗಳು ಮುಚ್ಚಿಕೊಳ್ಳುತ್ತಲೇ ಇರುತ್ತದೆ. ಅನಾನುಕೂಲ ಅಂದರೆ ಚೀಲದಲ್ಲಿ ಹಾಕಿದರೆ ತಂತಿ ದುಪಟ್ಟಾ ಹಿಡಿಯುತ್ತದೆ. ಎರಡು ದುಪಟ್ಟಾ ಹೋಗಿವೆ. ಎಲಾಸ್ಟಿಕ್ ಪಟ್ಟಿಯೂ ಇಲ್ಲ, ಮಗಳ ಕೂದಲಿನ ರಬ್ಬರ್ ಬ್ಯಾಂಡ್ ಹಾಕಿದ್ದೇನೆ. ರಟ್ಟಿನ ಒಂದು ಮೂಲೆ ಆಗಲೇ ಬಾಯಿ ಬಿಟ್ಟಿದೆ, ಅದಕ್ಕೆ ಸೆಲೋ ಟೇಪ್.

ಏನು ಬರೆಯುತ್ತೇವೆ ಅಂತ ಕೇಳಿದರೆ, ಬಹಳ ಕಡಿಮೆ. ಡಯಾಲಿಸಿಸ್ ದಿನಕ್ಕೆ ಹೊತ್ತು, ಕರೆದುಕೊಂಡು ಹೋಗುವವರ ಹೆಸರು, ಹೋಗುವಾಗಿನ ತೂಕ, ಬರುವಾಗಿನ ತೂಕ. 1 ಕೆಜಿ ಏರಿದರೆ ಹೆಚ್ಚುಕಡಿಮೆ 1 ಲೀಟರ್ ನೀರು ಮೈಯಲ್ಲಿ ನಿಂತಿದೆ ಅಂತ ಲೆಕ್ಕ, ಹಾಗಾಗಿ ಈ ಎರಡು ಸಂಖ್ಯೆಗಳಲ್ಲೇ ಅರ್ಧ ಕಥೆ ಇರುತ್ತದೆ. ಇಂಜೆಕ್ಷನ್ ದಿನ ಒಂದು ಚುಕ್ಕಿ. ರಕ್ತ ಪರೀಕ್ಷೆಯ ದಿನ ಒಂದು ಸುತ್ತು. ನನ್ನ 7, 11, 15, 20 ಕೆಂಪಿನಲ್ಲಿ. ರಟ್ಟಿನ ಒಳಗಡೆ ದಪ್ಪಕ್ಷರದಲ್ಲಿ, ಎಡಗೈಯಲ್ಲಿ ಬಿಪಿ ನೋಡಬಾರದು, ರಕ್ತ ತೆಗೆಯಬಾರದು, ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲು ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳ) ಇದೆ ಅಂತ ಬರೆದಿದೆ, ಇದು ಯಾವ ಪ್ಲಾನರಿನಲ್ಲೂ ಇರದ ಆದರೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದ ಸಾಲು. ಭಾನುವಾರದ ಚೌಕ ಮಾತ್ರ ಅಪ್ಪನದ್ದು. ನೀರಿನ ಲೆಕ್ಕ ಪೆನ್ಸಿಲ್‌ನಲ್ಲಿ ಅವರೇ ಬರೆಯುತ್ತಾರೆ, ಕಾಫಿ 100, ಸಾರು 50, ಮಾತ್ರೆಗೆ 60, ಕೆಳಗೆ ಗೆರೆ ಎಳೆದು ಮೊತ್ತ. ರಾಮನವಮಿಯ ದಿನ ಪಕ್ಕದ ಮನೆಯವರು ಪಾನಕ, ಮಜ್ಜಿಗೆ ಕೊಟ್ಟರು, ಆ ಚೌಕದಲ್ಲಿ "ಪಾನಕ 1 ಚಮಚ (ಪ್ರಸಾದ)" ಅಂತಿದೆ. ಎಳನೀರು, ಬಾಳೆಹಣ್ಣು ಪೊಟ್ಯಾಸಿಯಂ ಕಾರಣಕ್ಕೆ ಬೇಡ ಅಂದಿದ್ದಾರೆ, ಮೇ ತಿಂಗಳ ಒಂದು ಚೌಕದಲ್ಲಿ "ಎಳನೀರು" ಅಂತ ಬರೆದು ಕಾಟು ಹಾಕಿ ಪಕ್ಕದಲ್ಲಿ "ಕನಸು" ಅಂತ ಬರೆದಿದ್ದಾರೆ. ಅದನ್ನು ನೋಡಿ ಅಮ್ಮ ಅಡುಗೆಮನೆಗೆ ಹೋದರು.

ಡಾಕ್ಟರ್ ಹತ್ತಿರ ಹೋದಾಗ ಪುಸ್ತಕವನ್ನೇ ತೆಗೆದುಕೊಂಡು ಹೋಗುತ್ತೇವೆ. ಅವರು ಪುಟಗಳನ್ನು ತಿರುವಿ ನೋಡಿ, ಭಾನುವಾರ, ಸೋಮವಾರ ಸೇರಿ ತೂಕ ಎಷ್ಟು ಏರುತ್ತದೆ ಅಂತ ಹಿಡಿದುಬಿಟ್ಟರು. ಫೋನಿನಲ್ಲಿ ಬರೆದಿದ್ದರೆ ನಾನು ಅವರ ಮುಂದೆ ಕೂತು ಸ್ಕ್ರೋಲ್ ಮಾಡುತ್ತಾ, ಒಂದು ನಿಮಿಷ ಸರ್, ಒಂದು ನಿಮಿಷ ಸರ್ ಅನ್ನುತ್ತಿದ್ದೆ, ಖಂಡಿತ.

ಏಪ್ರಿಲ್ ಕೊನೆಯಲ್ಲಿ ಅಪ್ಪನಿಗೆ ಜ್ವರ ಬಂದು ಅಡ್ಮಿಟ್ ಆದರು. ಒಟ್ಟು 11 ದಿನ. ಪುಸ್ತಕ ಮೇಜಿನ ಮೇಲೆ ಮುಚ್ಚಿಯೇ ಇತ್ತು, ಅದರ ಮೇಲೆ ಕರೆಂಟ್ ಬಿಲ್ಲು, ಅದರ ಮೇಲೆ ಒಣಗಿದ ಕರಿಬೇವು. ವಾಪಸ್ ಬಂದ ಮೇಲೆ ರಬ್ಬರ್ ಬ್ಯಾಂಡ್ ತೆಗೆದು, ಮುಂದಿನ ಪುಟಕ್ಕೆ ಆ ವಾರದ ತಾರೀಖು ಹಾಕಿ ಬರೆಯಲು ಶುರು ಮಾಡಿದೆ. ನಡುವೆ ಖಾಲಿ ಹಾಳೆ ಒಂದೂ ಇಲ್ಲ. ತಿರುವಿ ನೋಡಿದವರಿಗೆ ಎರಡು ವಾರ ಜಿಗಿದದ್ದು ತಾರೀಖು ನೋಡಿದರೆ ಮಾತ್ರ ಗೊತ್ತಾಗುತ್ತದೆ. ಆದ್ದರಿಂದಲೇ ಕೊಂಡು 19 ವಾರ ಆದರೂ ತುಂಬಿದ್ದು 17.

ಯಾರಿಗೆ ಬೇಡ? ದಿನಕ್ಕೆ ಹತ್ತು ಮೀಟಿಂಗ್ ಇರುವವರಿಗೆ ಬೇಡ, ಚೌಕ ಸಾಲುವುದಿಲ್ಲ. ಒಬ್ಬರೇ ಇರುವವರಿಗೆ ಫೋನೇ ಸಾಕಾಗಬಹುದು. ಮನಸ್ಸಿನ ಮಾತು ಬರೆಯಬೇಕು ಅನ್ನುವವರಿಗೆ ಬೇರೆ ನೋಟ್‌ಬುಕ್ ಇರಲಿ, ಇದು ಮನೆಯವರೆಲ್ಲ ಓದುವ ಪುಸ್ತಕ. ನಾನೇ ಒಂದು ಸಲ ಬುಧವಾರದ ಚೌಕದಲ್ಲಿ ಆಫೀಸಿನ ಮೇಲಿನ ಸಿಟ್ಟಿಗೆ ಏನೋ ಬರೆದು, ಆಮೇಲೆ ಅದರ ಮೇಲೆ ಬಿಳಿ ಸ್ಟಿಕ್ಕರ್ ಹಾಕಿದೆ. 140 ರೂಪಾಯಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದದ್ದು ಭಾನುವಾರಕ್ಕೆ. ದುಪಟ್ಟಾಗಳನ್ನು ಕ್ಷಮಿಸಿದ್ದೇನೆ.

ಹೋದ ತಿಂಗಳು ಡಯಾಲಿಸಿಸ್‌ನಲ್ಲಿ ಅಪ್ಪನ ಪಕ್ಕದ ಹಾಸಿಗೆಯವರ ಹೆಂಡತಿ ಇದನ್ನು ನೋಡಿ, "ನಮಗೂ ಒಂದು ತಂದುಕೊಡ್ತೀರಾ ಅಕ್ಕಾ" ಎಂದು ಕೇಳಿದರು. ಹೋದೆ. ಅದೇ ಅಂಗಡಿಯಲ್ಲಿ ಖಾಲಿ, ಮತ್ತೆ ಯಾವಾಗ ಬರುತ್ತದೋ ಹೇಳಕ್ಕಾಗಲ್ಲ ಮೇಡಂ ಎಂದರು. ಬರಿಗೈಯಲ್ಲಿ ಬರಬಾರದೆಂದು 200 ಪುಟದ ಲಾಂಗ್ ಬುಕ್ ಒಂದನ್ನು ತಂದೆ. ಅಪ್ಪ ಅಂದಿನಿಂದ ಮರದ ಸ್ಕೇಲ್ ಹಿಡಿದು ಕೂತಿದ್ದಾರೆ, ಏಳು ದಿನಕ್ಕೂ ಒಂದೇ ಅಳತೆ, ಭಾನುವಾರ ಮೊದಲು. 200 ಪುಟ ಅಂದರೆ 100 ವಾರ ಅಪ್ಪಾ, ಎಲ್ಲ ಹಾಕಿಬಿಡಿ ಅಂದೆ. "ನಾಲ್ಕು ವಾರ ಹಾಕ್ತೀನಿ. ಬರೀತಾರೋ ಇಲ್ವೋ ನೋಡಿ ಮುಂದಿಂದು" ಎಂದರು, ತಲೆ ಎತ್ತದೆ.